ಬೂದಿಯ ಸಿಮೆಂಟು

ಪ್ರಸಾದನಿಲಯದ ಹೊಸ ಕಟ್ಟಡದ ನಕ್ಷೆಗೆ ಒಪ್ಪಿಗೆಯೀಯಲು ಕುಳಿತಾಗ ಸಿಮೆಂಟಿನ ಲೆಕ್ಕ ನಮ್ಮನ್ನು ತಡೆಯಿತು. ಅದರ ತಯಾರಿಕೆಯಲ್ಲಿ ಹೊರಡುವ ಇಂಗಾಲದ ಡೈಆಕ್ಸೈಡಿಗೆ ಕಲ್ಲಿದ್ದಲೇ ಕಾರಣವೆಂದು ನಾವು ಬಹುಕಾಲ ನಂಬಿದ್ದೆವು. ಅದು ಅರ್ಧಸತ್ಯ. ಗೂಡಿನಲ್ಲಿ ಬೇಯುವ ಸುಣ್ಣದ ಕಲ್ಲೇ ತನ್ನೊಡಲಿನ ಆ ಅನಿಲವನ್ನು ಬಿಟ್ಟುಕೊಡುತ್ತದೆ. ಅರ್ಧಕ್ಕೂ ಮಿಗಿಲಾದ ಪಾಲು ಅದರದೇ. ಉರುವಲನ್ನು ಬದಲಿಸಿದರೂ ಅದು ನಿಲ್ಲದು. ಆದುದರಿಂದ ಬೆಂದ ಕಲ್ಲಿನ, ಅಂದರೆ ಕ್ಲಿಂಕರಿನ, ಪ್ರಮಾಣವನ್ನೇ ತಗ್ಗಿಸಬೇಕು. ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿಯನ್ನು ನೂರಕ್ಕೆ 35ರವರೆಗೆ ಬೆರೆಸಲು ಭಾರತೀಯ ಮಾನಕವು ಅವಕಾಶವಿತ್ತಿದೆ. ಕಾಯಿಸಿದ ಜೇಡಿಮಣ್ಣನ್ನೂ ಬೇಯಿಸದ ಸುಣ್ಣದ ಕಲ್ಲನ್ನೂ ಬೆರೆಸಿದ ಎಲ್‌ಸಿ3 ಸಿಮೆಂಟಿಗೆ 2023ರಲ್ಲಿ ಮಾನಕ ಬಂದಿತು. ಅದರಲ್ಲಿ ಕ್ಲಿಂಕರು ಸುಮಾರು ಅರ್ಧದಷ್ಟು ಮಾತ್ರ.

“ಬುದ್ಧೀ, ಬೂದಿ ಬೆರೆಸಿದ್ದು ಮಕ್ಕಳ ತಲೆಯ ಮೇಲೆ ನಿಂತೀತೇ?” ಎಂದು ಹಿರಿಯ ಭಕ್ತರೊಬ್ಬರು ಕೇಳಿದರು. ಅವರ ಹಣೆಯ ವಿಭೂತಿಯನ್ನು ನೋಡಿ ನಮಗೆ ನಗು ಬಂದಿತಾದರೂ ಶಂಕೆ ಹುಸಿಯಲ್ಲ. ಬೂದಿಯ ಸಿಮೆಂಟು ಬಲಗೊಳ್ಳುವುದು ನಿಧಾನ. ಕಡೆಗೆ ಗಟ್ಟಿಯೇ, ಆದರೆ ನೀರುಣಿಸುವುದನ್ನು ಬೇಗ ನಿಲ್ಲಿಸಬಾರದು. ಭೋಜನಶಾಲೆಯನ್ನು ಕಟ್ಟುವಾಗ ಜಾತ್ರೆಯ ಅವಸರದಲ್ಲಿ ನಾವೇ ಐದನೆಯ ದಿನ ನೀರು ನಿಲ್ಲಿಸಲು ಹೇಳಿದ್ದೆವು. ಚಾವಣಿಯ ಬಿರುಕುಗಳನ್ನು ಪಂಕ್ತಿಯಲ್ಲಿ ಕುಳಿತ ಪ್ರತಿಯೊಬ್ಬರೂ ಕಂಡಿದ್ದೀರಿ. ಈ ಸಲ 14 ದಿನ ನೀರುಣಿಸಬೇಕು. ಸರದಿಗೆ ಹಳೆಯ ವಿದ್ಯಾರ್ಥಿಗಳು ಹೆಸರು ಕೊಡುತ್ತಿದ್ದಾರೆ. ಮೊದಲ ಸರದಿ ನಮ್ಮದು.