ಒಂದೂವರೆ ಡಿಗ್ರಿ ಯಾರ ಸರಾಸರಿ?

ಸರಾಸರಿ ಅಂದರೆ ಏನು ಅಂತ ಚಳ್ಳಕೆರೆ, ಮೊಳಕಾಲ್ಮುರು ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಳೆ ವಿಮೆ ಅದನ್ನು ಚೆನ್ನಾಗಿ ಕಲಿಸಿದೆ. ಪಂಚಾಯಿತಿಯಲ್ಲಿ ಅಲ್ಲೊಂದು ಇಲ್ಲೊಂದು ಹೊಲದಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ಒಟ್ಟಿಗೆ ಸೇರಿಸಿ ಒಂದು ಲೆಕ್ಕ ತೆಗೆಯುತ್ತಾರೆ. ಹಳ್ಳದ ಬದಿಯ ಹೊಲದಲ್ಲಿ ಶೇಂಗಾ ಚೆನ್ನಾಗಿ ಬಂದಿದ್ದರೆ, ದಿಬ್ಬದ ಮೇಲೆ ಒಣಗಿದ ಹೊಲ ಆ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ.

ಭೂಮಿ ಬಿಸಿಯಾಗುವ ಲೆಕ್ಕವೂ ಹೀಗೇ. ಟಿ.ವಿ.ಯಲ್ಲಿ ಕೇಳುವ ‘ಒಂದೂವರೆ ಡಿಗ್ರಿ’ ಇಡೀ ಜಗತ್ತಿನ ಸರಾಸರಿ. ಜಗತ್ತಿನಲ್ಲಿ ನೂರಕ್ಕೆ 71 ಪಾಲು ಸಮುದ್ರ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರಲ್ಲಿ ಕೊಟ್ಟ ವರದಿ ಪ್ರಕಾರ, 1850–1900ರ ಕಾಲಕ್ಕೆ ಹೋಲಿಸಿದರೆ 2011–2020ರಲ್ಲಿ ಜಗತ್ತಿನ ಬಿಸಿ 1.09 ಡಿಗ್ರಿ ಏರಿತ್ತು. ಬಿಡಿಸಿ ನೋಡಿದರೆ ನೆಲದ ಮೇಲೆ 1.59, ಸಮುದ್ರದ ಮೇಲೆ 0.88.

ಬಿಸಿಲಿನ ಸುದ್ದಿಗೆಂದು ಹೋಗಿದ್ದಾಗ ಮೊಳಕಾಲ್ಮುರು ಕಡೆಯ ಕುರಿ ಕಾಯುವ ಹಿರಿಯರೊಬ್ಬರು ಕೇಳಿದ್ದರು: “ಸಮುದ್ರ ನೋಡ್ದೋರೇ ಕಮ್ಮಿ ನಮ್ಮೂರಾಗೆ. ಅದು ಕಾದ್ರೆ ನಮಗೇನಾಗ್ತೈತಪ್ಪ?” ಕರಾವಳಿ ನಮ್ಮಿಂದ ಇನ್ನೂರು ಕಿಲೋಮೀಟರಿಗೂ ದೂರ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕಿಕೊಂಡು ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಏಪ್ರಿಲ್ ಮಧ್ಯಾಹ್ನ ನಮ್ಮ ಬಂಡೆಗಳ ಮೇಲೆ ಬರಿಗಾಲು ಇಡೋಕಾಗಲ್ಲ. ಅದೇ ಬಿಸಿಲಿಗೆ ಬಾವಿ ನೀರು ತಣ್ಣಗಿರುತ್ತದೆ. ಒಂದೇ ತೂಕದ ಕಲ್ಲು ಮತ್ತು ನೀರನ್ನು ಒಂದು ಡಿಗ್ರಿ ಕಾಯಿಸಬೇಕೆಂದರೆ ಕಲ್ಲಿಗಿಂತ ನೀರಿಗೆ ನಾಲ್ಕೈದು ಪಟ್ಟು ಹೆಚ್ಚು ಶಾಖ ಬೇಕು. ಜೊತೆಗೆ, ನೆಲದಲ್ಲಿ ಹಗಲಿನ ಬಿಸಿ ಮೇಲಿನ ಮಣ್ಣಲ್ಲೇ ನಿಲ್ಲುತ್ತದೆ. ಸಮುದ್ರದಲ್ಲಿ ಗಾಳಿ, ಅಲೆಗಳು ಸೇರಿ ಆ ಬಿಸಿಯನ್ನು ಹತ್ತಾರು ಮೀಟರ್ ಆಳಕ್ಕೆ ಕಲಸಿಬಿಡುತ್ತವೆ. ಮೇಲಿನ ನೀರು ಆವಿಯಾಗುತ್ತಾ ಶಾಖವನ್ನು ಒಯ್ಯುತ್ತದೆ. ಮಣ್ಣಿನ ಮಡಕೆ ನೀರನ್ನು ತಂಪಾಗಿಡುವುದು ಇದೇ ಕಾರಣಕ್ಕೆ. ಒಣಗಿದ ಹೊಲದಲ್ಲಿ ಆವಿಯಾಗಲು ನೀರೇ ಇಲ್ಲ.

ಈಗ ಭೂಮಿಯನ್ನು ಸಮಭಾಜಕ ವೃತ್ತದಲ್ಲಿ ಎರಡು ಹೋಳು ಮಾಡಿ. ನಾವಿರುವ ಉತ್ತರ ಹೋಳಿನಲ್ಲಿ ನೂರಕ್ಕೆ ಸುಮಾರು 39 ಪಾಲು ನೆಲ. ದಕ್ಷಿಣದಲ್ಲಿ ಬರೀ 19, ಉಳಿದದ್ದೆಲ್ಲ ನೀರು. ಬಿಸಿ ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಡುವುದು ಉತ್ತರದ ದೇಶಗಳಿಂದ. ಆದರೆ ಒಂದೆರಡು ವರ್ಷದಲ್ಲಿ ಗಾಳಿ ಅದನ್ನು ಎರಡೂ ಕಡೆ ಹರಡುತ್ತದೆ. ಹೊದಿಕೆ ಒಂದೇ, ಆದರೂ ಉತ್ತರದ ಹೋಳು ಬೇಗ ಕಾಯುತ್ತದೆ.

ದಕ್ಷಿಣ ನಿಧಾನವಾಗಲು ಇನ್ನೊಂದು ಕಾರಣವಿದೆ. ಅಂಟಾರ್ಕ್ಟಿಕಾ ಸುತ್ತ ಬೀಸುವ ಜೋರು ಪಶ್ಚಿಮದ ಗಾಳಿ ಮೇಲಿನ ನೀರನ್ನು ಉತ್ತರಕ್ಕೆ ತಳ್ಳುತ್ತದೆ. ಆ ಜಾಗಕ್ಕೆ ಆಳದಿಂದ, ನೂರಾರು ವರ್ಷ ಬಿಸಿಲೇ ಕಾಣದ ತಣ್ಣನೆಯ ನೀರು ಏಳುತ್ತದೆ. ಅದು ಗಾಳಿಯ ಬಿಸಿಯನ್ನು ಹೀರಿಕೊಂಡು ಉತ್ತರಕ್ಕೆ ಸರಿದು ಮತ್ತೆ ಒಳಗೆ ಇಳಿಯುತ್ತದೆ. 2021ರಲ್ಲಿ ನೊಬೆಲ್ ಪಡೆದ ಸ್ಯುಕುರೊ ಮನಾಬೆ ಮತ್ತು ಸಂಗಡಿಗರು ದಕ್ಷಿಣ ಹೀಗೆ ಹಿಂದೆ ಉಳಿಯುತ್ತದೆ ಎಂದು 1989ರಲ್ಲೇ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದರು.

ಹಾಗಾದರೆ ಉತ್ತರದಲ್ಲಿ ನೆಲದ ಮೇಲಿರುವ ನಾವು ಎಲ್ಲರಿಗಿಂತ ಹೆಚ್ಚು ಕಾದಿರಬೇಕಲ್ಲವೇ? ಇಲ್ಲಿ ಲೆಕ್ಕ ಉಲ್ಟಾ ಆಗುತ್ತದೆ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಪ್ರಕಾರ 1901ರಿಂದ 2018ರವರೆಗೆ ಭಾರತದ ಸರಾಸರಿ ಬಿಸಿ ಏರಿದ್ದು ಸುಮಾರು 0.7 ಡಿಗ್ರಿ. ನಮ್ಮ ಆಕಾಶದ ಹೊಗೆ, ಧೂಳು ಬಿಸಿಲಿಗೆ ಪರದೆ ಹಿಡಿದಿದೆ. ನೀರಾವರಿಯೂ ನೆಲವನ್ನು ಒಂದಿಷ್ಟು ತಂಪಾಗಿಸಿದೆ. ಆದರೆ ನಮ್ಮ ಪಕ್ಕದ ಹಿಂದೂ ಮಹಾಸಾಗರದ ಉಷ್ಣವಲಯದ ಭಾಗ 1951ರಿಂದ 2015ರೊಳಗೇ ಸುಮಾರು ಒಂದು ಡಿಗ್ರಿ ಕಾದಿದೆ. ಜಗತ್ತಿನ ಸಮುದ್ರಗಳ ಸರಾಸರಿಗಿಂತ ಇದು ಹೆಚ್ಚು.

ಇದು ನಮಗೆ ಯಾಕೆ ಮುಖ್ಯ ಅಂದರೆ, ಮುಂಗಾರು ಬರುವುದೇ ನೆಲ ಮತ್ತು ಸಮುದ್ರದ ಬಿಸಿಯ ವ್ಯತ್ಯಾಸದಿಂದ. ಬೇಸಿಗೆಯಲ್ಲಿ ನೆಲ ಹೆಚ್ಚು ಕಾಯುತ್ತದೆ, ದಕ್ಷಿಣದ ಸಮುದ್ರ ತಂಪಾಗಿರುತ್ತದೆ. ಆಗ ದಕ್ಷಿಣಾರ್ಧಗೋಳದಿಂದ ಹೊರಟ ಗಾಳಿ ಆಫ್ರಿಕಾದ ಸೊಮಾಲಿಯಾ ಬಳಿ ತಿರುಗಿ, ಅರಬ್ಬಿ ಸಮುದ್ರದ ಆವಿ ಹೊತ್ತು ನಮ್ಮ ಕಡೆ ಬರುತ್ತದೆ. ಸಹ್ಯಾದ್ರಿ ಅದರಲ್ಲಿ ಒಳ್ಳೆಯ ಪಾಲನ್ನು ಹಿಂಡಿಕೊಳ್ಳುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರುವ ಮಳೆ, ಬೆಟ್ಟದ ಮರೆಯಲ್ಲಿರುವ ನಮ್ಮಲ್ಲಿಗೆ ಬರುವ ಹೊತ್ತಿಗೆ 500ರ ಆಸುಪಾಸು.

ನೆಲ ಮತ್ತು ಸಮುದ್ರದ ವ್ಯತ್ಯಾಸ ಕಮ್ಮಿಯಾದರೆ ಆ ಗಾಳಿಯ ಎಳೆತ ಸಡಿಲವಾಗುತ್ತದೆ. 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ಸುಮಾರು ಶೇ 6ರಷ್ಟು ಇಳಿದಿದೆ ಎನ್ನುತ್ತದೆ ಅದೇ ವರದಿ. ಇದೂ ಸರಾಸರಿಯೇ, ಎಲ್ಲ ಊರಿಗೂ ಒಂದೇ ರೀತಿ ಇಳಿದಿಲ್ಲ. ಕಾದ ಸಮುದ್ರದಿಂದ ಆವಿಯೂ ಹೆಚ್ಚು ಏಳುವುದರಿಂದ, ಬಿದ್ದಾಗ ಒಂದೇ ದಿನ ಜೋರಾಗಿ ಬೀಳುತ್ತದೆ. ಆಗುಂಬೆಗೆ ಮಳೆ ನಾಲ್ಕು ದಿನ ತಪ್ಪಿದರೆ ಗೊತ್ತಾಗಲ್ಲ. ನಮಗೆ ಶೇಂಗಾ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿನಲ್ಲಿ ಮೂರು ವಾರ ತಪ್ಪಿದರೆ ಬೀಜ, ಗೊಬ್ಬರದ ಸಾಲ ಮಾತ್ರ ಉಳಿಯುತ್ತದೆ.

ಆಕಾಶದ ಹೊಗೆ ಹೋಗಲೇಬೇಕು, ಉಸಿರಾಡುವವರು ನಾವೇ. ಪರದೆ ಸರಿದ ಮೇಲೆ ಅದು ಮರೆಮಾಡಿದ್ದ ಬಿಸಿ ಹೊರಗೆ ಬರುತ್ತದೆ. ಭೂಮಿಯಲ್ಲಿ ಸೇರಿಕೊಂಡ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲನ್ನು ಸಮುದ್ರ ನುಂಗಿದೆ. ಅದು ಎಲ್ಲೂ ಹೋಗಿಲ್ಲ, ನೀರಿನೊಳಗೇ ಇದೆ.

ಆದ್ದರಿಂದ ಇನ್ನು ಮುಂದೆ ಮುಂಗಾರು ಮುನ್ಸೂಚನೆಯಲ್ಲಿ ‘ಹಿಂದೂ ಮಹಾಸಾಗರ’ ಅನ್ನುವ ಮಾತು ಬಂದರೆ ಚಾನೆಲ್ ಬದಲಿಸಬೇಡಿ. ಅದು ನಮ್ಮ ಹೊಲದ ಸುದ್ದಿ. ಇನ್ನೊಂದು ಕೆಲಸವೂ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದೆ. ನಿಮ್ಮ ಪಂಚಾಯಿತಿಯ ಹತ್ತು ವರ್ಷದ ಲೆಕ್ಕ ಕೇಳಿ ತೆಗೆದುಕೊಳ್ಳಿ. ಒಟ್ಟು ಎಷ್ಟು ಮಿ.ಮೀ. ಅಂತ ನೋಡಿ ಸುಮ್ಮನಾಗಬೇಡಿ. ಎಷ್ಟು ದಿನ ಬಂತು, ನಡುವೆ ಎಷ್ಟು ದಿನ ಕೈಕೊಟ್ಟಿತು ಅನ್ನುವುದನ್ನು ಎಣಿಸಿ. ಗ್ರಾಮಸಭೆಯಲ್ಲಿ, ವಿಮೆ ತಕರಾರಿನಲ್ಲಿ ಮುಂದಿಡಬೇಕಾದ ಲೆಕ್ಕ ಅದು.