ಫ್ಯೂಸ್ ಹೋಗಿರಲಿಲ್ಲ, ಫ್ಯಾನೂ ಕೆಟ್ಟಿರಲಿಲ್ಲ

ಡೊಂಬಿವಲಿಯ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಎಲ್ಲಕ್ಕಿಂತ ಹಿರಿಯ ಸದಸ್ಯ ನನ್ನ ಮಾರುತಿ 800. 2004ರಲ್ಲಿ ಬ್ಯಾಂಕಿನ ಸ್ಟಾಫ್ ಲೋನ್ ತೆಗೆದು ಕೊಂಡದ್ದು. ಹದಿನೈದು ವರ್ಷ ತುಂಬಿದಾಗ 2019ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಆರ್‌ಸಿ ನವೀಕರಿಸಿಕೊಂಡಿದ್ದೇನೆ. ಕಂಪನಿಯವರು ಈ ಗಾಡಿ ತಯಾರಿಸುವುದನ್ನು 2014ರ ಜನವರಿಯಲ್ಲೇ ನಿಲ್ಲಿಸಿದರು. ನಾನು ಮಾತ್ರ ಓಡಿಸುವುದನ್ನು ನಿಲ್ಲಿಸಿಲ್ಲ. "ಅಂಕಲ್, ಮ್ಯೂಸಿಯಮ್ಮಿಗೆ ಯಾವಾಗ ಕೊಡ್ತೀರಿ?" ಎಂದು ಪಕ್ಕದ ವಿಂಗಿನ ಹುಡುಗರು ಕೇಳುತ್ತಾರೆ. ಕೇಳಲಿ ಬಿಡಿ.

ನಾನು ಓದಿದ್ದು ಬಿಕಾಂ. ಡೆಬಿಟ್, ಕ್ರೆಡಿಟ್ ಬಿಟ್ಟರೆ ಪ್ಲಸ್, ಮೈನಸ್ ಎಂದರೆ ನನಗೆ ಗೋಡೆ ಗಡಿಯಾರದ ಸೆಲ್ ಮಾತ್ರ. ಅಂಥವನು ಇವತ್ತು ರೇಡಿಯೇಟರ್ ಫ್ಯಾನಿನ ವೈರಿಂಗ್ ಬಗ್ಗೆ ಬರೆಯಲು ಕೂತಿದ್ದೇನೆ. ನಮ್ಮಲ್ಲಿ ಎಷ್ಟೋ ಜನ ಮೇ ತಿಂಗಳಲ್ಲಿ ಹಳೆಯ ಗಾಡಿಯಲ್ಲೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೊರಡುವವರು. ಅವರಿಗೆ ಇದು ಉಪಯೋಗಕ್ಕೆ ಬಂದರೆ ಸಾಕು.

ಮೊದಲು ಈ ಫ್ಯಾನು ಯಾಕೆ ಬೇಕು ಎನ್ನುವುದನ್ನು ನೋಡೋಣ. ಮುಂಬಯಿಯಲ್ಲಿ ಹಳಬರಾದವರಿಗೆ ಕಾಲಿ-ಪೀಲಿ ಪದ್ಮಿನಿ ಟ್ಯಾಕ್ಸಿಗಳ ನೆನಪು ಇದ್ದೇ ಇರುತ್ತದೆ. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಅವು ರಸ್ತೆಯಿಂದ ನಿವೃತ್ತಿಯಾದವು. ಆ ಗಾಡಿಯಲ್ಲಿ ಇಂಜಿನ್ ಉದ್ದಕ್ಕೆ ಕೂತಿರುತ್ತಿತ್ತು. ಅದರ ಮೂತಿಯ ಮುಂದೆಯೇ ರೇಡಿಯೇಟರ್, ನಡುವೆ ಫ್ಯಾನು. ಬೆಲ್ಟ್ ಹಾಕಿ ಇಂಜಿನ್ನೇ ಅದನ್ನು ತಿರುಗಿಸುತ್ತಿತ್ತು. ಮಾರುತಿ 800ರಲ್ಲಿ ಇಂಜಿನ್ ಅಡ್ಡಡ್ಡ ಕೂತಿದೆ. ಬೆಲ್ಟ್ ಇರುವುದು ಪಕ್ಕಕ್ಕೆ, ರೇಡಿಯೇಟರ್ ಮುಂದಕ್ಕೆ. ಹಾಗಾಗಿ ಫ್ಯಾನಿಗೆ ಬೇರೆಯದೇ ಕರೆಂಟ್ ಮೋಟಾರ್. ನೀರು ಇಂತಿಷ್ಟು ಬಿಸಿಯಾದಾಗ ಸೆನ್ಸರ್ ಹೇಳುತ್ತದೆ, ಗಾಡಿಯೊಳಗಿನ ಪುಟ್ಟ ಕಂಪ್ಯೂಟರ್ ಕೇಳಿಸಿಕೊಂಡು ರಿಲೇಗೆ ಅಪ್ಪಣೆ ಕೊಡುತ್ತದೆ, ಫ್ಯಾನು ಗುರ್ ಎನ್ನುತ್ತದೆ. ಕಾರ್ಬುರೇಟರ್ ಕಾಲದ ಗಾಡಿಗಳಲ್ಲಿ ಕಂಪ್ಯೂಟರಿನ ಬದಲು ಥರ್ಮೋ ಸ್ವಿಚ್ ಈ ಕೆಲಸ ಮಾಡುತ್ತಿತ್ತು.

ಇನ್ನೊಂದು ವಿಷಯ. ಹೈವೇ ಮೇಲೆ ಎಂಬತ್ತರ ವೇಗದಲ್ಲಿ ಹೋಗುವಾಗ ಈ ಫ್ಯಾನಿಗೆ ಹೆಚ್ಚು ಕೆಲಸ ಇರುವುದಿಲ್ಲ. ಎದುರು ಗಾಳಿಯೇ ರೇಡಿಯೇಟರನ್ನು ತಂಪು ಮಾಡುತ್ತದೆ. ಫ್ಯಾನು ಬೇಕಾಗುವುದು ಸಿಗ್ನಲ್ಲಿನಲ್ಲಿ, ಜಾಮಿನಲ್ಲಿ, ಘಾಟಿನಲ್ಲಿ ತೆವಳುವಾಗ. ಅಂದರೆ ಫ್ಯಾನು ಸೊರಗಿದ್ದು ಗೊತ್ತಾಗುವುದೂ ಅಲ್ಲೇ, ಎಲ್ಲಿ ಗಾಡಿ ನಿಲ್ಲಬಾರದೋ ಅಲ್ಲೇ!

2024ರ ಮೇ ತಿಂಗಳು. ಅವ್ವನಿಗೆ ಮುಂಬಯಿಯಲ್ಲಿ ಕಣ್ಣಿನ ಪೊರೆ ಆಪರೇಶನ್ ಆಗಿ ಒಂದು ತಿಂಗಳಾಗಿತ್ತು. ಅವಳಿಗೆ ಎಪ್ಪತ್ತೆಂಟು. "ನನಗ ಹುಬ್ಬಳ್ಳಿಗೆ ಕಳಸಿಬಿಡು, ಇಲ್ಲೆ ಉಸಿರು ಕಟ್ಟತದ" ಎಂದು ದಿನಾ ಒಂದೇ ರಾಗ. ಬಸ್ಸಿನ ಕುಲುಕಾಟ ಬೇಡವೆಂದು ಎರಡನೇ ಶನಿವಾರ ನೋಡಿ, ಒಂದೆರಡು ರಜೆ ಸೇರಿಸಿ, ಬೆಳಗಿನ ನಾಲ್ಕಕ್ಕೇ ಹೊರಟೆವು. ಖಂಡಾಲಾದ ಘಾಟು ತಂಪು ಹೊತ್ತಿನಲ್ಲಿ ಸರಾಗವಾಗಿ ಹತ್ತಿತು. ಪುಣೆ ದಾಟಿ, ಶಿರವಳ ದಾಟಿ ಖಂಬಾಟಕಿ ಘಾಟಿಗೆ ಬಂದಾಗ ಬಿಸಿಲು ಏರಿತ್ತು. ಈ ದಾರಿ ಬಲ್ಲವರಿಗೆ ಗೊತ್ತು, ಆಗ ಸಾತಾರಾದಿಂದ ಪುಣೆಗೆ ಬರುವವರಿಗೆ ಸುರಂಗ, ಪುಣೆಯಿಂದ ಸಾತಾರಾಕ್ಕೆ ಹೋಗುವವರಿಗೆ ಏರು ಇತ್ತು. ಮೇಲೆಲ್ಲೋ ಒಂದು ಟ್ರಕ್ಕು ಕೆಟ್ಟು ನಿಂತು ಜಾಮ್. ಹತ್ತು ಹೆಜ್ಜೆ ಹೋಗುವುದು, ನಿಲ್ಲುವುದು.

ಟೆಂಪರೇಚರ್ ಮುಳ್ಳು ಮೆಲ್ಲಗೆ ಮೇಲೇರಿತು. ಫ್ಯಾನಿನ ಸದ್ದು ಇಲ್ಲ. ಏಸಿ ಆರಿಸಿ ಹೀಟರನ್ನು ಪೂರ್ತಿ ತಿರುಗಿಸಿದೆ. ಹೀಟರ್ ಎಂದರೆ ಇನ್ನೊಂದು ಪುಟ್ಟ ರೇಡಿಯೇಟರ್ ಇದ್ದ ಹಾಗೆ, ಇಂಜಿನ್ನಿನ ಬಿಸಿಯನ್ನು ಒಳಗೆ ಎಳೆದು ಚೆಲ್ಲುತ್ತದೆ.

"ಯಾಕೋ ತಮ್ಮಾ, ಮೇ ತಿಂಗಳದಾಗ ಬಿಸಿಗಾಳಿ ಬಿಡ್ಲಿಕ್ಕತ್ತಿ? ಕಣ್ಣು ಉಳಿಸಿ ಜೀವ ತೆಗಿಯಾಂವ ಇದ್ದೀ ಏನ?" ಎಂದಳು ಅವ್ವ.

ನನ್ನ ಹೆಂಡತಿ ಸೆರಗು ಒದ್ದೆ ಮಾಡಿ ಅವಳ ಕುತ್ತಿಗೆಗೆ ಹಾಕಿದಳು. ಏರಿನ ತುದಿ ಹತ್ತಿರವಿದ್ದಾಗ ಮುಳ್ಳು ಕೆಂಪಿಗೆ ತಾಗುವಂತಾಯಿತು. ಗಾಡಿ ಬದಿಗೆ ತಂದು ಇಂಜಿನ್ ಆರಿಸಿದೆ. ರೇಡಿಯೇಟರ್ ಮುಚ್ಚಳ ಮುಟ್ಟಲಿಲ್ಲ. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತೆಗೆದ ಕ್ಷಣದಲ್ಲಿ ಒಮ್ಮೆಲೇ ಕುದ್ದು ಮುಖಕ್ಕೆ ಚಿಮ್ಮುತ್ತದೆ. ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಕಾದು, ತಣ್ಣಗಾದ ಮೇಲೆ ನೀರು ನೋಡಿ, ಉಳಿದ ಏರು ಹತ್ತಿ ಇಳುಕಲಿನಲ್ಲಿ ಸುರೂರಿನ ಕಡೆ ಇಳಿದೆವು.

ಅಲ್ಲೊಂದು ರಸ್ತೆ ಬದಿಯ ಗ್ಯಾರೇಜು. ಹುಡುಗ ಫ್ಯೂಸ್ ನೋಡಿದ, ಸರಿ ಇತ್ತು. ಫ್ಯಾನಿಗೆ ಹೋಗುವ ವೈರಿಗೆ ಟೆಸ್ಟರ್ ತಾಗಿಸಿದ, ದೀಪ ಹತ್ತಿತು. ಫ್ಯಾನು ಮಾತ್ರ ತಿರುಗದು. ಬ್ಯಾಟರಿಯಿಂದ ಎರಡು ವೈರು ತಂದು ಮೋಟಾರಿಗೆ ನೇರ ಹಿಡಿದ, ಗುರ್ ಎಂದು ತಿರುಗಿತು! "ವೈರಿಂಗ್ ಗಯಾ ಸಾಬ್. ಡೈರೆಕ್ಟ್ ಕರ್ ದೇತಾ ಹೂಂ" ಎಂದ. ಬ್ಯಾಟರಿಯಿಂದ ಒಂದು ತೆಳ್ಳನೆ ವೈರು ಎಳೆದು, ಸ್ಟೀರಿಂಗ್ ಕೆಳಗೆ ಮನೆಯ ಗೋಡೆಗೆ ಹಾಕುವಂಥ ಒಂದು ಸ್ವಿಚ್ ಕೂರಿಸಿ, ಅಲ್ಲಿಂದ ಫ್ಯಾನಿಗೆ ಕೊಟ್ಟ. ಆ ಹೊತ್ತಿಗೆ ನಮಗೆ ಬೇಕಾಗಿದ್ದು ಅವ್ವನನ್ನು ಬಿಸಿಲಿನಿಂದ ತಪ್ಪಿಸುವುದು. ದುಡ್ಡು ಕೊಟ್ಟು ಹೊರಟೆವು. ಕೊಲ್ಲಾಪುರ, ನಿಪ್ಪಾಣಿ, ಬೆಳಗಾವಿ, ಧಾರವಾಡ... ರಾತ್ರಿ ಹುಬ್ಬಳ್ಳಿ ಮುಟ್ಟಿದಾಗ ಮುಳ್ಳು ನಡುವಿನಲ್ಲೇ ನಿಂತಿತ್ತು.

ಮೂರನೇ ದಿನ ಅವ್ವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಚೆನ್ನಮ್ಮ ಸರ್ಕಲ್ಲಿನ ಜಾಮು. ಮುಂದಿನ ಸೀಟಿನಲ್ಲಿದ್ದ ಅವ್ವ ಮೂಗು ಏರಿಸಿ, "ಏನೋ ಸುಟ್ಟ ವಾಸನಿ ಬರ್ಲಿಕ್ಕತ್ತದಲ್ಲಾ" ಎಂದಳು. ಸ್ಟೀರಿಂಗ್ ಕೆಳಗಿನಿಂದ ಬಿಳಿ ಹೊಗೆ! ಸ್ವಿಚ್ ಆರಿಸಲು ಕೈ ಹಾಕಿದರೆ ಕೈ ಸುಡುತ್ತದೆ. ಪ್ಲಾಸ್ಟಿಕ್ ಕರಗಿ ಸ್ವಿಚ್ ಅಂಟಿಕೊಂಡಿದೆ, ಮೇಲೂ ಆಗದು ಕೆಳಗೂ ಆಗದು. ಕೀಲಿ ತಿರುಗಿಸಿ ಇಂಜಿನ್ ಆರಿಸಿದರೂ ಫ್ಯಾನು ತನ್ನ ಪಾಡಿಗೆ ತಾನು ತಿರುಗುತ್ತಿದೆ, ಏಕೆಂದರೆ ಅದು ಬ್ಯಾಟರಿಗೇ ಡೈರೆಕ್ಟ್. ಕೀಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಅವ್ವನನ್ನು ಇಳಿಸಿ ಪಕ್ಕದ ಅಂಗಡಿಯ ನೆರಳಿಗೆ ಕಳಿಸಿದೆ. ಡಿಕ್ಕಿಯಲ್ಲಿ ಹತ್ತು ನಂಬರ್ ಪಾನಾ ಯಾವಾಗಲೂ ಇರುತ್ತದೆ. ಬಾನೆಟ್ ಎತ್ತಿ ಬ್ಯಾಟರಿಯ ಮೈನಸ್ ಬಿಚ್ಚಿದಾಗ ಹೊಗೆ ನಿಂತಿತು. ವೈರಿನ ಮೇಲಿನ ಪ್ಲಾಸ್ಟಿಕ್ಕು ಬೆಣ್ಣೆಯ ಹಾಗೆ ಮೆತ್ತಗಾಗಿತ್ತು. ಇನ್ನು ಎರಡು ನಿಮಿಷ ಕಳೆದಿದ್ದರೆ ಏನಾಗುತ್ತಿತ್ತು ಎಂದು ನೆನೆಸಿಕೊಂಡು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಳೇ ಹುಬ್ಬಳ್ಳಿಯಲ್ಲಿ ಒಬ್ಬ ಹಿರಿಯ ಆಟೋ ಇಲೆಕ್ಟ್ರಿಶಿಯನ್ ಇದ್ದಾರೆ ಎಂದು ತಂಗಿಯ ಗಂಡ ಹೇಳಿದ. ಗಾಡಿ ಎಳೆಸಿಕೊಂಡು ಹೋದೆ. ಅವರು ಆ ಡೈರೆಕ್ಟ್ ವೈರನ್ನು ಕಿತ್ತು ನನ್ನ ಕೈಗೇ ಕೊಟ್ಟರು. "ಇದರಾಗ ಫ್ಯೂಸ್ ಎಲ್ಲೆದರೀ ಸರ?" ಎಂದು ಕೇಳಿದರು. ಇರಲೇ ಇಲ್ಲ. ಫ್ಯೂಸ್ ಇರುವುದು ಮೋಟಾರನ್ನು ಕಾಯುವುದಕ್ಕಿಂತ ಹೆಚ್ಚಾಗಿ ವೈರನ್ನು ಕಾಯಲಿಕ್ಕೆ ಎಂದು ಆವತ್ತು ತಿಳಿದೆ. ಇನ್ನು ಮನೆಯ ಸ್ವಿಚ್ಚು ಮನೆಯ ಏಸಿ ಕರೆಂಟಿಗೆ ಮಾಡಿದ್ದು. ಬ್ಯಾಟರಿಯ ಡಿಸಿ ಕರೆಂಟನ್ನು ಕಡಿಯುವಾಗ ಕಿಡಿ ಬೇಗ ಆರುವುದಿಲ್ಲ, ಕಾಂಟ್ಯಾಕ್ಟು ಸುಡುತ್ತದೆ.

ಆಮೇಲೆ ಅವರು ಕಂಪನಿಯ ಹಳೆಯ ಪ್ಲಗ್ಗನ್ನೇ ಫ್ಯಾನಿಗೆ ಮತ್ತೆ ಸಿಕ್ಕಿಸಿದರು. ಆಶ್ಚರ್ಯ, ಫ್ಯಾನು ತಿರುಗಿತು! ಆದರೆ ಮುದುಕರ ನಡಿಗೆಯ ಹಾಗೆ, ನಿಧಾನ. "ಕಾದಾಗ ಸಡಲ ಆಗಿ ಬಿಡತದ, ತಣ್ಣಗ ಆದ ಮ್ಯಾಲೆ ಮತ್ತ ತಾಗತದ. ಅದಕ್ಕ ಘಾಟಿನ್ಯಾಗ ನಿಂತಿತ್ತು" ಎಂದರು.

ಮುಂದಿನದನ್ನು ಗಮನವಿಟ್ಟು ಓದಿ. ಪ್ಲಗ್ ಬಿಚ್ಚಿ ಮೀಟರ್ ಹಿಡಿದಾಗ 12 ವೋಲ್ಟು ತೋರಿಸಿತು. ಅದೇ ಜಾಗಕ್ಕೆ ಇಂಡಿಕೇಟರಿನ 21 ವಾಟಿನ ಬಲ್ಬ್ ಹಚ್ಚಿದರೆ ಮಂಕಾಗಿ ಉರಿಯಿತು. "ಮೀಟರ್ ಕೆಲಸ ಕೇಳೂದಿಲ್ಲರೀ ಸರ, ಬರೇ ನೋಡತದ. ಬಲ್ಬ್ ಕೆಲಸ ಕೇಳತದ." ನನಗೆ ತಕ್ಷಣ ಅರ್ಥವಾಯಿತು. ಪಾಸ್‌ಬುಕ್ಕಿನಲ್ಲಿ ಬ್ಯಾಲೆನ್ಸ್ ಕಾಣುತ್ತದೆ, ಚೆಕ್ ಕೊಟ್ಟರೆ ವಾಪಸ್ ಬರುತ್ತದೆ, ಯಾಕೆಂದರೆ ಹಣದ ಮೇಲೆ ಲೀನ್ ಇದೆ! ಸುರೂರಿನ ಹುಡುಗನ ಟೆಸ್ಟರೂ ಪಾಸ್‌ಬುಕ್ಕನ್ನಷ್ಟೇ ನೋಡಿತ್ತು.

ಹಾಗಾದರೆ ವೋಲ್ಟೇಜು ಎಲ್ಲಿ ಸೋರುತ್ತಿದೆ? ಫ್ಯಾನು ತಿರುಗುತ್ತಿರುವಾಗಲೇ ಅಳೆದರು. ಬ್ಯಾಟರಿಯಲ್ಲಿ 12.3 ವೋಲ್ಟು, ಮೋಟಾರಿನ ಬಾಯಲ್ಲಿ 9.1 ಮಾತ್ರ. ಬ್ಯಾಟರಿಯ ಮೈನಸ್ಸಿಗೆ ಒಂದು ಕಡ್ಡಿ, ಮೋಟಾರಿನ ಮೈನಸ್ಸಿಗೆ ಇನ್ನೊಂದು ಕಡ್ಡಿ ಹಿಡಿದಾಗ 1.9. ಅದೇ ರೀತಿ ಪ್ಲಸ್ ಬದಿಗೆ 1.3. ಒಟ್ಟು 3.2. ಲೆಕ್ಕ ಟ್ಯಾಲಿ ಆಯಿತು! ಎಲ್ಲ ಜೋಡಣೆ ಸರಿಯಿದ್ದರೆ ಒಂದೊಂದು ಬದಿಯಲ್ಲೂ ಅರ್ಧ ವೋಲ್ಟಿನೊಳಗೇ ಇರಬೇಕಂತೆ.

ಅರ್ತ್ ವೈರು ಬಾಡಿಗೆ ಸೇರುವ ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ಕೆಂಪು ತುಕ್ಕು. ಇಪ್ಪತ್ತು ಮಳೆಗಾಲ ಅದೂ ಮುಂಬಯಿ ಕಡೆಯದು! ಪ್ಲಗ್ಗಿನ ಪ್ಲಸ್ ಪಿನ್ನು ಹಸಿರುಗಟ್ಟಿ, ಸುತ್ತಲಿನ ಪ್ಲಾಸ್ಟಿಕ್ಕು ಕಂದಾಗಿತ್ತು. ಲೆಕ್ಕ ಹಾಕಿ ನೋಡಿ. 1.9 ವೋಲ್ಟು, ಮೋಟಾರು ಎಳೆಯುವುದು ಸುಮಾರು 7 ಆಂಪಿಯರ್ ಎಂದು ಹಿಡಿದರೆ ಗುಣಿಸಿದಾಗ 13 ವಾಟಿಗಿಂತ ಹೆಚ್ಚು. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ 25 ವಾಟಿನದು. ಅಂದರೆ ಅದರ ಅರ್ಧದಷ್ಟು ಬೆಂಕಿ ಒಂದು ಬೋಲ್ಟಿನ ಅಡಿಯಲ್ಲಿ ಸದಾ ಕೂತಿತ್ತು. ಫ್ಯೂಸ್ ಯಾಕೆ ಹೋಗಲಿಲ್ಲ ಅಂತೀರಾ? ಹರಿಯುವ ಕರೆಂಟ್ ಹೆಚ್ಚಾಗಿರಲೇ ಇಲ್ಲ, ಕಡಿಮೆಯೇ ಆಗಿತ್ತು. ಮಿತಿ ಮೀರಿದ ಕರೆಂಟನ್ನು ತಡೆಯುವುದಷ್ಟೇ ಫ್ಯೂಸಿನ ಕೆಲಸ. ಕೊಳೆತ ಜೋಡಣೆ ಅದರ ಕಣ್ಣಿಗೆ ಬೀಳುವುದಿಲ್ಲ.

ರಿಪೇರಿ ದೊಡ್ಡದೇನೂ ಅಲ್ಲ. ಸುಟ್ಟ ಪ್ಲಗ್ಗು ಕತ್ತರಿಸಿ ಹೊಸದು. ಹಳೆಯ ವೈರಿನಲ್ಲಿ ತಾಮ್ರ ಕಪ್ಪಾಗಿದ್ದಷ್ಟನ್ನು ತೆಗೆದು ಎರಡೂವರೆ ಎಂಎಂ ವೈರು. ಹೆಣೆದು ಟೇಪ್ ಸುತ್ತಲಿಲ್ಲ. ಟರ್ಮಿನಲ್ ಹಾಕಿ ಇಕ್ಕಳದಿಂದ ಒತ್ತಿ, ಮೇಲೆ ಸ್ಲೀವ್ ಏರಿಸಿದರು. ಅರ್ತಿನ ಜಾಗವನ್ನು ಪಾಲಿಶ್ ಪೇಪರಿನಿಂದ ಬೆಳ್ಳಗೆ ಉಜ್ಜಿ, ಹೊಸ ಬೋಲ್ಟ್ ಬಿಗಿದು, ತೇವ ತಾಗದಂತೆ ಮೇಲೆ ವ್ಯಾಸಲಿನ್ ಹಚ್ಚಿದರು. ಹೊಸ ರಿಲೇ. ಫ್ಯೂಸ್ ಮಾತ್ರ ಪುಸ್ತಕದಲ್ಲಿ ಬರೆದಷ್ಟೇ ಆಂಪಿಯರಿನದು, ಒಂದೂ ಹೆಚ್ಚಿಲ್ಲ. ಮತ್ತೆ ಅಳೆದಾಗ ಮೈನಸ್ ಬದಿ 0.1, ಪ್ಲಸ್ ಬದಿ 0.2. ಇಂಜಿನ್ ಚಾಲೂ ಇಟ್ಟು ಕಾದೆವು. ಚಹಾ ಮುಗಿಯುವ ಹೊತ್ತಿಗೆ ಮುಳ್ಳು ಅರ್ಧ ದಾಟಿತು, ಫ್ಯಾನು ತಾನಾಗಿಯೇ ಶುರುವಾಯಿತು. ಮುಳ್ಳು ಇಳಿಯಿತು, ಫ್ಯಾನು ನಿಂತಿತು. ಮೂರು ಸಲ ಹೀಗೆ ಆಗುವವರೆಗೂ ಅವರು ಗಾಡಿ ಬಿಡಲಿಲ್ಲ. ಬಿಲ್ಲು 850 ರೂಪಾಯಿ.

ಬ್ಯಾಂಕಿನಲ್ಲಿ ಸಸ್ಪೆನ್ಸ್ ಅಕೌಂಟ್ ಎಂದು ಒಂದಿದೆ. ಲೆಕ್ಕ ಕೂಡದಿದ್ದಾಗ ಹಣವನ್ನು ತಾತ್ಕಾಲಿಕವಾಗಿ ಅಲ್ಲಿ ಹಾಕುತ್ತೇವೆ. ಅದು ತಪ್ಪಲ್ಲ, ಅದಿಲ್ಲದೆ ದಿನ ಮುಗಿಯುವುದಿಲ್ಲ. ಆದರೆ ಬೇಗ ಹುಡುಕಿ ತೆಗೆಯದಿದ್ದರೆ ಅದೇ ಮುಂದೆ ದೊಡ್ಡ ತಲೆನೋವು. ‘ಡೈರೆಕ್ಟ್’ ಕೂಡ ಹಾಗೆಯೇ. ರಸ್ತೆ ನಡುವೆ ಸಿಕ್ಕಿಬಿದ್ದಾಗ ಅದು ಆಪದ್ಬಾಂಧವ. ಅದರಲ್ಲೂ ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್ ಹಾಕಿಸಿಕೊಳ್ಳಿ, ದಪ್ಪ ವೈರು ಕೇಳಿ, ಊರು ಮುಟ್ಟಿದ ಮರುದಿನವೇ ಕಿತ್ತು ಹಾಕಿಸಿ.

ನಿಮ್ಮದೂ ಹಳೆಯ ಗಾಡಿಯಾದರೆ ಊರಿಗೆ ಹೊರಡುವ ವಾರ ಮೊದಲು ಇಷ್ಟು ಮಾಡಿ. ಮನೆಯ ಮುಂದೆ ಇಂಜಿನ್ ಚಾಲೂ ಇಟ್ಟು ಫ್ಯಾನು ಬರುವವರೆಗೆ ಕಾಯಿರಿ. ಸದ್ದು ಜೋರಾಗಿದೆಯೋ ಸೊರಗಿದೆಯೋ ಕೇಳಿ. ಆಮೇಲೆ ಇಂಜಿನ್ ಆರಿಸಿ, ಫ್ಯಾನು ನಿಂತ ಮೇಲೆ ಪ್ಲಗ್ಗನ್ನು ಮುಟ್ಟಿ ನೋಡಿ. ಆದರೆ ಜೋಕೆ, ಎಷ್ಟೋ ಗಾಡಿಗಳಲ್ಲಿ ಕೀಲಿ ತೆಗೆದ ಮೇಲೂ ಫ್ಯಾನು ಏಕಾಏಕಿ ತಿರುಗಬಹುದು, ರೆಕ್ಕೆಯ ಹತ್ತಿರ ಬೆರಳು ಒಯ್ಯಬೇಡಿ. ಪ್ಲಗ್ಗು ಸುತ್ತಲಿಗಿಂತ ಹೆಚ್ಚು ಕಾದಿದ್ದರೆ ಒಳಗೆ ಏನೋ ಕೊಳೆಯುತ್ತಿದೆ ಎಂದೇ ಅರ್ಥ.

ಅವ್ವನ ಕಣ್ಣು ಈಗ ಚೆನ್ನಾಗಿದೆ. ಫೋನಿನಲ್ಲಿ ಮಾತಾಡುವಾಗ ಮೊಮ್ಮಕ್ಕಳನ್ನು ವಿಚಾರಿಸುವ ಮೊದಲು, "ಗಾಡಿ ಫ್ಯಾನು ತಿರುಗತದಿಲ್ಲೋ?" ಎಂದು ಕೇಳುತ್ತಾಳೆ. ತಿರುಗುತ್ತದೆ ಎಂದು ಹೇಳುತ್ತೇನೆ. ಹೇಳುವ ಮೊದಲು ಆ ವಾರ ಒಮ್ಮೆ ನೋಡಿಯೂ ಇರುತ್ತೇನೆ.