ಕಲ್ಲಿನಲ್ಲಿ ಕಾಡು ಕಟ್ಟಿದವನು

ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಚರ್ಚಿನೊಳಗೆ ಹೊಕ್ಕವರ ಕತ್ತು ತಾನಾಗಿ ಮೇಲೇಳುತ್ತದೆ. ಕಂಬಗಳು ತುಸು ಓರೆಯಾಗಿ ಏರಿ, ಗಂಟಿನ ಬಳಿ ಕವಲೊಡೆದು, 45 ಮೀಟರ್ ಎತ್ತರದ ಚಾವಣಿಯನ್ನು ಕೊಂಬೆಗಳಲ್ಲಿ ಹೊತ್ತು ನಿಂತಿವೆ. ಪೂರ್ವದ ಗಾಜುಗಳಿಂದ ಹಸಿರು, ನೀಲಿ ಬೆಳಕು. ಹೊತ್ತು ಇಳಿದಂತೆ ಪಶ್ಚಿಮದಿಂದ ಕಿತ್ತಳೆ, ಕೆಂಪು. ಕೊಡಗಿನ ಬಾಳೆಲೆ ಎಂಬ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ದೇವರಕಾಡಿನೊಳಗೆ ನಿಂತಂತಾಯಿತು. ಕೊಡಗಿನಲ್ಲಿ ಅಂಥ ಕಾಡುಗಳು ಸಾವಿರಕ್ಕೂ ಹೆಚ್ಚು. ನಮ್ಮ ಹಿರಿಯರು ಕಾಡನ್ನು ದೇವರಿಗೆ ಬಿಟ್ಟರು. ಆಂಟೋನಿ ಗೌಡಿ ದೇವರಿಗೆಂದು ಕಾಡನ್ನೇ ಕಟ್ಟಹೊರಟ.

1852ರಲ್ಲಿ ಹುಟ್ಟಿದ ಗೌಡಿ, ಕ್ಯಾಟಲೋನಿಯಾದ ರೆಯುಸ್ ಕಡೆಯ ಕಂಚುಗಾರರ ಮಗ. ಚಪ್ಪಟೆ ತಾಮ್ರದ ತಗಡು ಬಡಿತಕ್ಕೆ ಬಾಗಿ ಹಂಡೆಯಾಗುವುದನ್ನು ನೋಡುತ್ತಲೇ ಬೆಳೆದ. 1878ರಲ್ಲಿ ವಾಸ್ತುಶಿಲ್ಪಿಯಾದ. ಬೇರೊಬ್ಬರು 1882ರಲ್ಲಿ ಆರಂಭಿಸಿದ್ದ ಈ ಚರ್ಚಿನ ಹೊಣೆ ಮರುವರ್ಷವೇ ಅವನ ಹೆಗಲೇರಿತು, ಸಾಯುವವರೆಗೂ ಇಳಿಯಲಿಲ್ಲ.

ಪ್ರವಾಸಿಗರೆಲ್ಲ ಗೌಡಿಯ ಕಾಸಾ ಬಟ್ಲೋ, ಕಾಸಾ ಮಿಲಾ ಮನೆಗಳನ್ನೂ ಗುಎಲ್ ಉದ್ಯಾನವನ್ನೂ ನೋಡಿ ತಣಿಯುತ್ತಾರೆ. ಉದ್ಯಾನದಲ್ಲಿ ಒಡೆದ ಹೆಂಚಿನ ಚೂರು ಅಂಟಿಸಿದ, ಹಾವಿನಂತೆ ಹರಿಯುವ ಕಲ್ಲುಬೆಂಚು ನಿಜಕ್ಕೂ ಚೆಲುವು. ಆದರೆ ಗೌಡಿಯ ತಲೆ ಹೇಗೆ ಓಡುತ್ತಿತ್ತೆಂದು ತಿಳಿಯಬೇಕಾದರೆ ಊರಾಚೆಗೆ ರೈಲು ಹತ್ತಿ ಗುಎಲ್ ಕಾಲೊನಿಗೆ ಹೋಗಲೇಬೇಕು. ಗಿರಣಿ ಕೆಲಸಗಾರರ ವಸತಿಗಾಗಿ ಅಲ್ಲೊಂದು ಚರ್ಚು ಕಟ್ಟಲು ಆತ ಕಾಗದದಲ್ಲಿ ಲೆಕ್ಕ ಹಾಕಲಿಲ್ಲ. ಚಾವಣಿಯಿಂದ ದಾರಗಳನ್ನು ಇಳಿಬಿಟ್ಟು, ಕಟ್ಟಡದ ಭಾರಕ್ಕೆ ತಕ್ಕಂತೆ ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಕಟ್ಟಿದ. ಭಾರಕ್ಕೆ ಜಗ್ಗಿದ ದಾರ ತನ್ನ ಬಾಗನ್ನು ತಾನೇ ಕಂಡುಕೊಂಡಿತು. ಅದರ ಫೋಟೊ ತಲೆಕೆಳಗು ಮಾಡಿದರೆ ಕಮಾನು! ದಾರಕ್ಕೆ ಗೊತ್ತಿರುವುದು ಎಳೆತ, ಕಲ್ಲು ತಾಳುವುದು ಒತ್ತಡ. ತಿರುಗಿಸಿದಾಗ ಒಂದು ಇನ್ನೊಂದಾಗುತ್ತದೆ. ಸುಮಾರು ಹತ್ತು ವರ್ಷ ಆ ದಾರಗಳ ಕೆಳಗೆ ಕಳೆದ. 1914ರಲ್ಲಿ ಹಣ ನಿಂತು, ಕಟ್ಟಿದ್ದು ನೆಲಮಟ್ಟದ ಗುಹೆಯಂಥ ಭಾಗವಷ್ಟೇ. ಒರಟು ಬಸಾಲ್ಟ್ ಕಂಬಗಳು ಅಲ್ಲಿ ಓರೆಯಾಗಿ ನಿಂತಿವೆ. ದೊಡ್ಡ ಚರ್ಚಿನ ಕಲ್ಲುಮರಗಳ ಬೇರು ಇಲ್ಲಿದೆ ಎಂದು ಮುಟ್ಟಿದರೆ ತಿಳಿಯುತ್ತದೆ.

1926ರ ಜೂನ್ 7ರಂದು ಟ್ರಾಮ್ ಬಡಿದಾಗ ಹಳೆಯ ಬಟ್ಟೆ ನೋಡಿ ಜನ ಅವನನ್ನು ಭಿಕ್ಷುಕನೆಂದುಕೊಂಡರು. ಮೂರು ದಿನಕ್ಕೆ ತೀರಿಕೊಂಡ. ಸಗ್ರಾದಾ ಫಮೀಲಿಯಾದ ನೆಲಮಾಳಿಗೆಯಲ್ಲೇ ಸಮಾಧಿ. 1936ರಲ್ಲಿ ಸ್ಪೇನಿನ ಅಂತರ್ಯುದ್ಧದ ವೇಳೆ ಅಲ್ಲಿದ್ದ ಅವನ ಕಾರ್ಯಾಗಾರಕ್ಕೆ ಬೆಂಕಿ ಬಿತ್ತು. ನಕ್ಷೆಗಳು ಸುಟ್ಟವು, ಗಾರೆಯ ಮಾದರಿಗಳು ನುಚ್ಚುನೂರಾದವು. ಆ ಚೂರುಗಳನ್ನು ಆಯ್ದು ಜೋಡಿಸಿದ್ದನ್ನು ಕೆಳಗಿನ ಸಂಗ್ರಹಾಲಯದಲ್ಲಿ ನೋಡಿದೆ. ಗೌಡಿ ಆರಿಸಿದ್ದು ನೇರ ಗೆರೆಗಳನ್ನು ಸರಿಸುತ್ತ ಹೋದರೆ ಹುಟ್ಟುವ ಬಾಗುಮೈಗಳನ್ನು. ಹಾಗಾಗಿ ಒಂದು ಚೂರು ಸಿಕ್ಕರೂ ಕಳೆದುಹೋದ ಭಾಗದ ಲೆಕ್ಕ ಹಿಡಿಯಬಹುದಿತ್ತು, ಆ ಲೆಕ್ಕದ ಮೇಲೆ ಕಟ್ಟಡ ಮತ್ತೆ ಏರಿತು.